ಪುರಾಣಿಕರ ಹೊಸ್ತಿಲಿಗೆ ನಮ್ಮ ಎಲೆ

ಮಾಗಿ ಕಾಲಿಟ್ಟಿತೆಂದರೆ ನಮ್ಮೂರಿನವರು ಎದ್ದ ಕೂಡಲೇ ನೋಡುವುದು ಹೊಸ್ತಿಲನ್ನು. ನಾನು ವಿಭೂತಿ ಹಚ್ಚಿಕೊಂಡು, ಬಾಯಲ್ಲಿ ಒಂದು ಪದ್ಯ ಅಂದುಕೊಂಡು ಆಮೇಲೆ ಬಾಗಿಲು ತೆಗೆಯುವವಳು. ಆದರೆ ತೆಗೆದ ಮೇಲೆ ನನ್ನ ಕಣ್ಣೂ ಅಲ್ಲಿಗೇ ಹೋಗುತ್ತದೆ. ಯಾರ ಮನೆಯ ಎಲೆ ಬಂದಿದೆ, ಎದುರುಮನೆಯವರು ಕಾಣುವ ಮೊದಲು ಗುಡಿಸಬೇಕೋ, ಕಾಣಲಿ ಎಂದು ಬಿಡಬೇಕೋ ಎಂಬ ಯೋಚನೆ ಕಸಬರಿಗೆಗಿಂತ ಮೊದಲು ಕೈಗೆ ಬರುತ್ತದೆ.

ನಮ್ಮಲ್ಲಿ ಮನೆಗೊಂದು ಸೀಯಂಟಿನ ಮರ. ಎಲೆಗೆ ಐದು ಮೂಲೆ, ಮಕ್ಕಳು ಬರೆಯುವ ಚುಕ್ಕಿಯ ಹಾಗೆ. ತೊಗಟೆ ಗೀರಿದರೆ ಬೆಲ್ಲದ ಪಾಕದಂಥ ಅಂಟು ಇಳಿಯುತ್ತದೆ. ಅದನ್ನು ಪೂಜೆಯ ಹೊತ್ತಿಗೆ ಕೆಂಡಕ್ಕೆ ಹಾಕಿದರೆ ಮನೆಯೆಲ್ಲ ಘಮ. ಕಾಯಿಗೆ ಮಾತ್ರ ಮೈತುಂಬ ಮುಳ್ಳು, ಬರಿಗಾಲಿನವರು ನೋಡಿಕೊಂಡೇ ನಡೆಯಬೇಕು. ಸಸಿಯನ್ನು ಗೋಡೆಯಿಂದ ದೂರ ನೆಡಬೇಕು, ಇಲ್ಲವಾದರೆ ಬೇರು ಒಳಗೆ ನುಗ್ಗಿ ನೆಲಗಲ್ಲು ಎಬ್ಬಿಸುತ್ತದೆ. ನಮ್ಮ ಮಾವನವರ ಅಪ್ಪ ಈ ಮಾತು ಕೇಳದೆ ಹತ್ತಿರ ನೆಟ್ಟಿದ್ದರಿಂದ ಅಡುಗೆಮನೆಯ ಒಂದು ಕಲ್ಲು ಎದ್ದು ನಿಂತಿದೆ. ಬಂದ ಸೊಸೆಯರೆಲ್ಲ ಅದಕ್ಕೆ ಎಡವಿಯೇ ಈ ಮನೆಯವರಾದದ್ದು.

ಬೀಜದಿಂದೆದ್ದ ಸಸಿ ಯಾವ ಬಣ್ಣಕ್ಕೆ ತಿರುಗುತ್ತದೆಂದು ಮೊದಲ ಮಾಗಿಯವರೆಗೆ ಯಾರೂ ಹೇಳಲಾರರು. ಒಂದು ಮನೆಯ ಬಣ್ಣ ಇನ್ನೊಂದು ಮನೆಗಿಲ್ಲ. ಎದುರುಮನೆಯ ಚೆನ್ನವ್ವನದು ನೇರಳೆ, ಮೂಲೆಮನೆಯವರದು ಕುಂಕುಮ, ನಮ್ಮದು ಕೆಂಪು ನರವಿರುವ ಹಳದಿ. ಉದುರುವ ಎಲೆ ತನ್ನ ಬುಡಕ್ಕೆ ಬೀಳುವುದಿಲ್ಲ. ಮನೆಯವರ ಮನಸ್ಸು ಯಾರ ಮೇಲಿದೆಯೋ ಅವರ ಹೊಸ್ತಿಲಿಗೆ ಹೋಗಿ ಬೀಳುತ್ತದೆ. ಪ್ರೀತಿಯೋ ಸಿಟ್ಟೋ ಅಂಜಿಕೆಯೋ ಎಲೆ ಹೇಳುವುದಿಲ್ಲ, ಮನೆಯೊಳಗೆ ಅದು ಯಾರ ಮನಸ್ಸು ಎಂಬುದನ್ನೂ ಹೇಳುವುದಿಲ್ಲ. ಊರ ಹೊರಗಿದ್ದವರನ್ನು ನೆನೆದರೆ ಎಲೆ ಕೊಂಬೆ ಬಿಟ್ಟು ಕದಲುವುದೇ ಇಲ್ಲ. ಚೆನ್ನವ್ವನ ತಮ್ಮ ನಾಟಕದ ಕಂಪನಿಯ ಹಿಂದೆ ಹೋದ ವರ್ಷ ಅವಳ ಮರ ಬೇಸಿಗೆಯವರೆಗೂ ನೇರಳೆಯಾಗಿಯೇ ನಿಂತಿತ್ತು. ಇನ್ನು ಮನೆಯವರು ಮನೆಯವರನ್ನೇ ನೆನೆದರೆ? ಹಾಗೆ ಸ್ವಂತ ಅಂಗಳಕ್ಕೆ ಎಲೆ ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ದಿನಾ ಒಂದೇ ಸೂರಿನ ಕೆಳಗೆ ಉಣ್ಣುವವರನ್ನು ಯಾರು ಅಷ್ಟು ನೆನೆಯುತ್ತಾರೆ?

ಮಾಗಿಯ ಅಮಾವಾಸ್ಯೆಗೆ ಎಲೆ ಒಪ್ಪಿಸುವುದೆಂದು ನಮ್ಮಲ್ಲೊಂದು ಪದ್ಧತಿ. ತಮ್ಮ ಹೊಸ್ತಿಲಿಗೆ ಬಂದ ಎಲೆಯನ್ನು ಅರಿವೆಯಲ್ಲಿ ಕಟ್ಟಿಟ್ಟುಕೊಂಡವರು ಆ ದಿನ ಅದರ ಮರದ ಮನೆಗೆ ಒಯ್ದು ಕೊಡಬೇಕು. ಆ ಮನೆಯ ಹಿರಿಯಳು ಸೆರಗೊಡ್ಡಿ ಇಸಿದುಕೊಂಡು ಮರದ ಬುಡಕ್ಕೆ ಗೊಬ್ಬರವಾಗಿ ಹಾಕಬೇಕು. ಹಿರಿಯಳು ಇಸಿದುಕೊಂಡರೆ ಮನೆಯಲ್ಲಿ ಉಳಿದವರ ಮಾನ ಉಳಿಯುತ್ತದೆ. ಅದಕ್ಕೇ ಆ ಪದ್ಧತಿ ಎಂದು ನನಗೆ ಅನ್ನಿಸುತ್ತದೆ.

ನಾನು ನೇಕಾರರ ಮಗಳು, ನೇಕಾರರ ಸೊಸೆ. ನಮ್ಮಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಲಾಳಿ ಆಡುವಷ್ಟು ಹೊತ್ತೂ ಬಾಯಲ್ಲಿ ಪದ್ಯ ಆಡುತ್ತಿತ್ತು. ಮಗ್ಗದ ಕುಣಿಯ ಪಕ್ಕದಲ್ಲೇ ನನ್ನ ತೊಟ್ಟಿಲು ಕಟ್ಟಿದ್ದರಂತೆ. ಹೀಗಾಗಿ ನನಗೆ ಮಾತಿಗಿಂತ ಮೊದಲು ಪದ್ಯ ಬಂತು, ಮಾತು ಆಮೇಲೂ ಅಷ್ಟಾಗಿ ಬರಲಿಲ್ಲ. ಕೇಳುವುದೇ ನನಗೆ ಪೂಜೆ. ಗಂಡನ ಮನೆಯಲ್ಲಿ ಪದ್ಯ ಹೇಳುವವರಿರಲಿಲ್ಲ. ಯಜಮಾನರು ಒಂದು ಮಗ್ಗ, ಮೈದುನ ಅಡಿವೆಪ್ಪ ಒಂದು ಮಗ್ಗ. ಇಬ್ಬರೂ ನೂಲು ಕಡಿದಾಗ ಮಾತ್ರ ಬಾಯಿ ತೆಗೆಯುವವರು. ಕಣ್ಣು ಮಂಜಾದ ಅತ್ತೆ ಪಡಸಾಲೆಯಲ್ಲಿ ಕೂತಿರುತ್ತಿದ್ದರು. ನಾನೂ ಅಡಿವೆಪ್ಪನ ಹೆಂಡತಿ ಶಶಿಕಲಾಳೂ ಕೂತು ರಾಟೆಯಲ್ಲಿ ಲಾಳಿಗೆ ಬೇಕಾದ ನೂಲಿನ ಕಂಡಿಕೆ ಸುತ್ತುವುದು. ಶಶಿ ನನಗಿಂತ ಬಹಳ ಚಿಕ್ಕವಳು, ನಗುಮುಖದವಳು. ಹಿತ್ತಲೆಲ್ಲ ಅವಳದೇ. ಮರದ ಬುಡ ಕೆದಕಿ ಬೂದಿ ಹಾಕುವಳು, ಮುಳ್ಳುಕಾಯಿ ಆಯ್ದು ಮೆಂತ್ಯದ ಪಾತಿಯ ಸುತ್ತ ಹರವಿ ಕೋಳಿ ಬರದಂತೆ ಮಾಡುವಳು. ಅವಳ ಮತ್ತು ಅಡಿವೆಪ್ಪನ ಕೋಣೆಯ ಬಾಗಿಲು ಹಿತ್ತಲಿಗೇ ತೆರೆಯುತ್ತಿತ್ತು.

ಆ ವರ್ಷ ಮಠಕ್ಕೆ ಮುರಿಗಯ್ಯನೆಂಬ ಪುರಾಣಿಕರು ಬಂದರು. ಮಠದ ಪಕ್ಕದ ಕೋಣೆಯಲ್ಲಿ ಇಳಿದುಕೊಂಡು ಮಾಗಿ ಮುಗಿಯುವವರೆಗೆ ದಿನಾ ಸಂಜೆ ಪುರಾಣ ಹೇಳುವುದೆಂದು ಗೊತ್ತಾಯಿತು. ನೋಡಲು ಏನೂ ಇಲ್ಲದ ಮನುಷ್ಯ. ಒಣಗಿದ ಮೈ, ಬಿಳಿ ಬೆರೆತ ಗಡ್ಡ. ಆದರೆ ಪದ್ಯ ಎತ್ತಿದರೆ ಕಂಬಗಳೂ ಕಿವಿಗೊಡುತ್ತಿದ್ದವು. ಮೂರನೆಯ ಸಾಲಿನ ಕೊನೆಗೆ ಉಸಿರು ನಿಲ್ಲಿಸಿ, ಒಂದು ಸಣ್ಣ ಕೆಮ್ಮು ಕೆಮ್ಮಿ, ಅಲ್ಲಿಂದ ನಾಲ್ಕನೆಯದಕ್ಕೆ ಏರುವರು. ನಮ್ಮಪ್ಪ ಹೋದ ಮೇಲೆ ನಾನು ಅಂಥ ಕಂಠ ಕೇಳಿರಲಿಲ್ಲ. ಒಂದು ಸಂಜೆಯೂ ತಪ್ಪಿಸಲಿಲ್ಲ. ಶಶಿ ಒಂದು ದಿನವೂ ಬರಲಿಲ್ಲ, ಮೊದಲ ದಿನ ಮನೆ ಕಾಯಲು, ಆಮೇಲೆ ಅತ್ತೆಯವರ ಬಳಿ ಒಬ್ಬರು ಇರಬೇಕಲ್ಲ ಎನ್ನುತ್ತಿದ್ದಳು. ಊರಿನವರಿಗೆ ಪುರಾಣಿಕರ ಮೇಲೆ ಭಕ್ತಿಯಿದ್ದಷ್ಟೇ ಅನುಮಾನವೂ ಇತ್ತು. ಅವರಿಗೆ ಮರವಿಲ್ಲ. ಮರವಿಲ್ಲದವನ ಮನಸ್ಸು ಎಲ್ಲಿ ಹೋಗುತ್ತದೆಂದು ಯಾರಿಗೆ ಗೊತ್ತು?

ಮಾಗಿ ಹತ್ತಿತು, ಬಣ್ಣ ತಿರುಗಿತು. ಹಿಂದಿನ ವರ್ಷಗಳಲ್ಲಿ ನಮ್ಮ ಎಲೆ ನೂಲಿನಂಗಡಿಗೆ ಒಂದಿಷ್ಟು, ಊರಲ್ಲೇ ಕೊಟ್ಟಿರುವ ನಾದಿನಿಯ ಮನೆಗೆ ಒಂದಿಷ್ಟು ಹಂಚಿ ಬೀಳುತ್ತಿತ್ತು. ಒಂದು ಸಂಜೆ ಪುರಾಣ ಮುಗಿಸಿ ಬರುವಾಗ ಚೆನ್ನವ್ವ ನನ್ನ ತೋಳು ಹಿಡಿದು ನಿಲ್ಲಿಸಿದಳು. ಪುರಾಣಿಕರ ಕೋಣೆಯ ಹೊಸ್ತಿಲ ಮೇಲೆ ದೀಪದ ಬೆಳಕಿನಲ್ಲಿ ಹಳದಿ ಎಲೆ ಬಿದ್ದಿದ್ದವು, ಕೆಂಪು ನರದವು.

"ನಿಂಬೆವ್ವಾ, ನಿಮ್ಮನ್ಯಾಗ ಪುರಾಣದ ಮ್ಯಾಲ ಭಾಳ ಭಕ್ತಿ ಹುಟ್ಟೇತಿ ಬಿಡು," ಎಂದಳು. ಆಮೇಲೆ ದನಿ ಇಳಿಸಿ, "ನಿನ್ನ ಬಗ್ಗೆ ಯಾರೂ ಏನೂ ಅನ್ನಂಗಿಲ್ಲವಾ. ನೀ ಶಿವನ್ನ ನೆನಿತಿ, ಮನಷ್ಯಾರನ್ನ ನೆನೆಯೋದು ನಿನಗೆಲ್ಲಿ ಬರತೈತಿ. ಮನ್ಯಾಗ ಹರೇದಾಕಿ ಅದಾಳಲ್ಲ, ಒಂದೀಟು ಕಣ್ಣಿಡು," ಎಂದಳು.

ಆ ಮಾತು ಹೀರೆಕಾಯಿಯ ಬೀಜದ ಹಾಗೆ ಒಳಗೆ ಬಿದ್ದು ಬೆಳಗಾಗುವುದರೊಳಗೆ ಬಳ್ಳಿ ಬಿಟ್ಟಿತ್ತು. ಮನೆಯಲ್ಲಿ ಐದು ಜನ. ಪುರಾಣದ ಮೊದಲ ದಿನವೊಂದು ಬಿಟ್ಟರೆ ಅತ್ತೆಯವರು ಹೊಸ್ತಿಲು ದಾಟಿ ವರ್ಷಗಳಾದವು. ಗಂಡಸರಿಗೆ ಪುರಾಣವೂ ಬೇಡ, ಪುರಾಣಿಕರೂ ಬೇಡ. ನನ್ನದು ಶಿವಧ್ಯಾನ. ಉಳಿದವಳು ಒಬ್ಬಳೇ.

ಅಂದಿನಿಂದ ಶಶಿಯನ್ನು ನೋಡಲು ಶುರುಮಾಡಿದೆ. ನೋಡಲು ಹತ್ತಿದರೆ ಎಲ್ಲವೂ ಕಾಣುತ್ತದೆ. ತಲೆಗೆ ಎಣ್ಣೆ ಹೆಚ್ಚಾಗಿದೆ ಅನ್ನಿಸಿತು. ಯಾರೂ ಇಲ್ಲದಾಗ ನಗುತ್ತಾಳೆ ಅನ್ನಿಸಿತು. ಒಂದು ಮಧ್ಯಾಹ್ನ ಇಬ್ಬರೂ ಕಂಡಿಕೆ ಸುತ್ತುತ್ತಿದ್ದೆವು. ನಾನು ಹಿಂದಿನ ಸಂಜೆಯ ಪದ್ಯವನ್ನು ರಾಟೆಯ ಜೊತೆ ಮೆಲ್ಲಗೆ ಅಂದುಕೊಳ್ಳುತ್ತಿದ್ದೆ. ಅವಳು ನೂಲಿನಿಂದ ಕಣ್ಣೆತ್ತದೆ, ತುಟಿಯಂಚಿನಲ್ಲಿ ನಗು ಹಿಡಿದುಕೊಂಡು, "ಪುರಾಣಿಕರಿಗೆ ಕೆಮ್ಮು ಇನ್ನೂ ಕಡಿಮಿ ಆಗಿಲ್ಲೇನಕ್ಕಾ?" ಎಂದಳು.

ನನ್ನ ಕೈ ಅಲ್ಲೇ ನಿಂತಿತು. ಪುರಾಣಕ್ಕೆ ಒಂದು ದಿನವೂ ಬಾರದವಳಿಗೆ ಪುರಾಣಿಕರ ಕೆಮ್ಮು ಹೇಗೆ ಗೊತ್ತು? ಕೇಳಲಿಲ್ಲ. ಕೇಳಿದರೆ ಎಚ್ಚರವಾಗುತ್ತಾಳೆ ಎಂದು ಸುಮ್ಮನಾದೆ. ಸುಮ್ಮನಿರುವುದು ನನಗೆ ಮೊದಲಿನಿಂದಲೂ ಒಲಿದ ವಿದ್ಯೆ.

ಆಮೇಲೊಂದು ಬೆಳಗು, ಇನ್ನೂ ಮಬ್ಬಿರುವಾಗ, ಹಿತ್ತಲ ಬಾಗಿಲು ಕಿರ್ರೆಂದಿತು. ಕಿಟಕಿಯಿಂದ ನೋಡಿದರೆ ಶಶಿ ಮಠದ ಓಣಿಯಿಂದ ಬರುತ್ತಿದ್ದಾಳೆ, ಉಡಿಯಲ್ಲಿ ಏನೋ ತುಂಬಿಕೊಂಡಿದ್ದಾಳೆ. ತಿಪ್ಪೆಗುಂಡಿಯ ಬಳಿ ಬಗ್ಗಿದಳು, ಕೈ ಝಾಡಿಸಿದಳು, ಒಳಗೆ ಹೋದಳು. ಅವಳು ನೀರಿಗೆ ಹೋದ ಹೊತ್ತು ನೋಡಿ ಗುಂಡಿಯಲ್ಲಿ ಕೋಲು ಹಾಕಿ ಕೆದಕಿದೆ. ಮೇಲೆ ಹೊಸ ಬೂದಿ, ಕೆಳಗೆ ಹಳದಿ ಎಲೆ. ನಮ್ಮ ಎಲೆ ನಮ್ಮ ಹಿತ್ತಲಿಗೆ ಬೀಳುವುದಿಲ್ಲ. ಅಂದಮೇಲೆ ಇವು ಅಲ್ಲಿಂದ ಆಯ್ದು ತಂದವು. ಕಳ್ಳರಲ್ಲದವರು ಹೆಜ್ಜೆ ಅಳಿಸುತ್ತಾರೆಯೇ? ಆ ದಿನ ಸಂಜೆ ಪುರಾಣದಲ್ಲಿ ಪತಿವ್ರತೆಯ ಪ್ರಸಂಗ. ಕೇಳುತ್ತ ಕೇಳುತ್ತ ನನ್ನ ಕಣ್ಣು ತುಂಬಿತು. ನಮ್ಮ ಮನೆಯ ಮರ್ಯಾದೆ ನೆನೆದು ತುಂಬಿತೆಂದು ತಿಳಿದೆ.

ಎಷ್ಟು ಆಯ್ದರೂ ಎಲೆ ನಿಲ್ಲುತ್ತವೆಯೇ? ಊರು ಮಾತಾಡತೊಡಗಿತು. ನೂಲಿನಂಗಡಿಯಲ್ಲಿ ಯಾರೋ ಅಡಿವೆಪ್ಪನಿಗೆ, ನಿಮ್ಮ ಮರಕ್ಕ ಈ ವರ್ಷ ಪುರಾಣದ ಹುಚ್ಚು ಹಿಡದೇತೇನಪಾ, ನಿನ್ನ ಹೆಂಡತಿ ನಸುಕಿನಾಗ ಮಠದ ಮುಂದ ಎಲಿ ಆಯತಾಳಂತ ಎಂದರಂತೆ. ಅವನು ಮನೆಗೆ ಬಂದು ಮಗ್ಗಕ್ಕೆ ಕೂರಲಿಲ್ಲ, ಉಣ್ಣಲಿಲ್ಲ. ಯಜಮಾನರು ಪಡಸಾಲೆಯಲ್ಲಿ ಎಲ್ಲರನ್ನೂ ಕೂಡಿಸಿ ಏನು ಮಾಡುವುದೆಂದರು. ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಶಶಿ ಕಂಬಕ್ಕೆ ಆತು ನಿಂತಿದ್ದಳು. ಎಲೆ ಆಯಾಕ ಹೋಗಿದ್ದು ಖರೇ ಏನು ಎಂದು ಅಡಿವೆಪ್ಪ ಕೇಳಿದ. ಖರೇ ಎಂದಳು. ಯಾಕ ಎಂದ. ಅವಳು ನನ್ನ ಕಡೆ ಒಮ್ಮೆ ನೋಡಿದಳು. ನಾನು ಅದನ್ನು ಬೇಡಿಕೆಯೆಂದು ತಿಳಿದೆ, ತನ್ನನ್ನು ಉಳಿಸೆಂದು ಕೇಳುತ್ತಿದ್ದಾಳೆ ಎಂದು.

"ಒಂದೀಟು ದಿನ ತವರಿಗೆ ಹೋಗಿ ಇರಲಿ," ಎಂದೆ ನಾನು. ಆ ಮನೆಯಲ್ಲಿ ನಾನಾಗಿ ಆಡಿದ ಮೊದಲ ತೀರ್ಮಾನದ ಮಾತು ಅದು.

ನಮ್ಮಲ್ಲಿ ಮಾಗಿಯ ನಡುವೆ ತವರಿಗೆ ಕಳಿಸಿದ ಹೆಣ್ಣನ್ನು ಕರೆತರುವ ರೂಢಿಯಿಲ್ಲ. ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ಮರುದಿನ ಅಡಿವೆಪ್ಪ ಅವಳ ಟ್ರಂಕು ಹೊತ್ತು ಊರ ಗಡಿಗಲ್ಲಿನವರೆಗೆ ಹೋಗಿ ಬಸ್ಸು ಹತ್ತಿಸಿ ಬಂದ. ಹೊರಡುವಾಗ ಅವಳು ಹೇಳಿದ್ದು ಇಷ್ಟೇ: ಮೆಂತ್ಯಕ್ಕೆ ಕೋಳಿ ಬರತಾವ, ಮುಳ್ಳುಕಾಯಿ ತಗೀಬ್ಯಾಡ್ರಿ.

ಇನ್ನು ಮುಗಿಯಿತು ಎಂದುಕೊಂಡು ಮಲಗಿದೆ. ಬೆಳಗ್ಗೆ ಚೆನ್ನವ್ವ ನೀರು ಚಿಮುಕಿಸುವ ನೆಪದಲ್ಲಿ ನಮ್ಮ ಬಾಗಿಲಿಗೇ ಬಂದು ನಿಂತಳು. ಪುರಾಣಿಕರ ಹೊಸ್ತಿಲಿಗೆ ಹಳದಿ ಎಲೆ ಬಿದ್ದಿವೆ ಎಂದಳು, ಆಯುವವರಿಲ್ಲದೆ ರಾಶಿಯಾಗಿವೆ ಎಂದಳು. ಮರುದಿನವೂ ಹಾಗೆಯೇ. ಈಗ ಅವಳ ಕಣ್ಣು ನಮ್ಮ ಪಡಸಾಲೆಯ ಒಳಗೆ ಒಬ್ಬೊಬ್ಬರ ಮೇಲೂ ಹರಿದಾಡಿ ಹೋಯಿತು. ನಾನೂ ಹಾಗೆಯೇ ನೋಡಿದೆ. ಯಜಮಾನರಿಗೆ ಪುರಾಣಿಕರ ಮೇಲೆ ಹಗೆ ಹುಟ್ಟಿರಬೇಕು. ಹಗೆಗೂ ಎಲೆ ಬೀಳುತ್ತದೆ. ಅಡಿವೆಪ್ಪನಿಗಂತೂ ಹುಟ್ಟದೆ ಇರುತ್ತದೆಯೇ? ಹೀಗೆ ಒಬ್ಬೊಬ್ಬರ ತಲೆಯ ಮೇಲೂ ಎಲೆ ಇಟ್ಟು ನೋಡಿದೆ. ಯಾರ ತಲೆಯ ಮೇಲೂ ಅದು ನಿಲ್ಲಲಿಲ್ಲ, ಯಾಕೆಂದರೆ ಹಗೆ ಹುಟ್ಟುವ ಮೊದಲೇ ಎಲೆ ಬಿದ್ದಿತ್ತು.

ಆ ಮಧ್ಯಾಹ್ನ ಒಬ್ಬಳೇ ರಾಟೆಯ ಮುಂದೆ ಕೂತೆ. ಎದುರಿಗೆ ಶಶಿಯ ರಾಟೆ ಅರಿವೆ ಹೊದ್ದುಕೊಂಡು ಕೂತಿತ್ತು. ಮನಸ್ಸು ತಡೆಯದೆ ಪದ್ಯ ಎತ್ತಿಕೊಂಡೆ. ರಾಟೆ ತಿರುಗಿತು, ಪದ್ಯ ತಿರುಗಿತು. ಪಡಸಾಲೆಯಲ್ಲಿ ಸರಕ್ಕನೆ ಸದ್ದಾಯಿತು. ನೋಡಿದರೆ ಅತ್ತೆ ಗಡಿಬಿಡಿಯಿಂದ ತಲೆಯ ಮೇಲೆ ಸೆರಗು ಎಳೆದುಕೊಂಡು, ಗೋಡೆಯ ಕಡೆ ಸರಿದು ಕೂತಿದ್ದಾರೆ.

"ಯಾಕ್ರಿ ಅತ್ತಿ?" ಎಂದೆ.

ಅವರು ಪಿಸುದನಿಯಲ್ಲಿ, "ಪುರಾಣಿಕರು ಒಳಗ ಬಂದಾರಲ್ಲ, ಒಂದು ಮಾತು ಹೇಳಬಾರದೇನ? ಚಾಪಿ ಹಾಸವಾ," ಎಂದರು.

ಯಾರೂ ಬಂದಿಲ್ಲ ಎಂದೆ. ಅವರು ನಂಬಲಿಲ್ಲ. "ನನಗ ಕಣ್ಣಿಲ್ಲ ಖರೇ, ಕಿವಿ ಅದಾವ. ನೀ ನನ್ನ ಕೈ ಹಿಡದು ಪುರಾಣಕ್ಕ ಕರಕೊಂಡು ಹೋಗಿದ್ದಿಲ್ಲೇನ, ಮೊದಲನೇ ದಿನ? ಅದ ದನಿ. ಅದ ಕೆಮ್ಮು."

ರಾಟೆ ತಾನಾಗಿ ಇನ್ನೊಂದು ಸುತ್ತು ತಿರುಗಿ ನಿಂತಿತು. ಮೂರನೆಯ ಸಾಲಿನ ಕೊನೆಗೆ ನಾನು ಕೆಮ್ಮಿದ್ದೆ. ನನಗೆ ಕೆಮ್ಮಿನ ಕಾಯಿಲೆಯಿರಲಿಲ್ಲ, ಎಂದೂ ಇರಲಿಲ್ಲ. ಉಸಿರು ನಿಲ್ಲಿಸಿದ್ದು ಅವರು ನಿಲ್ಲಿಸುವಲ್ಲಿ, ಏರಿದ್ದು ಅವರು ಏರುವ ಹಾಗೆ. ಅರೆಯುವಾಗ, ಮುಸುರೆ ತಿಕ್ಕುವಾಗ, ನಿದ್ದೆ ಬರುವ ಮೊದಲು, ಎದ್ದ ಮೇಲೆ, ಇಡೀ ದಿನ ನನ್ನೊಳಗೆ ಕೂತು ಹೇಳುತ್ತಿದ್ದದ್ದು ಅದೇ ಕಂಠ. ನಾನು ಅದನ್ನು ಶಿವಧ್ಯಾನ ಎನ್ನುತ್ತಿದ್ದೆ. ಮರಕ್ಕೆ ಅಷ್ಟು ನಯ ತಿಳಿಯುವುದಿಲ್ಲ. ಅದು ದನಿ ಬಂದ ಕಡೆಗೆ ಎಲೆ ಕಳಿಸಿತು. ಪುರಾಣಕ್ಕೆ ಬಾರದ ಶಶಿಗೆ ಪುರಾಣಿಕರ ಕೆಮ್ಮು ಗೊತ್ತಾದದ್ದು ನನ್ನ ಬಾಯಿಂದ. ಅವಳು ಪಡಸಾಲೆಯಲ್ಲಿ ನನ್ನ ಕಡೆ ನೋಡಿದ್ದು ಬೇಡಿಕೆಯಾಗಿರಲಿಲ್ಲ. ಹೇಳಬೇಕೋ ಬೇಡವೋ ಎಂದು ನೋಡಿದ್ದಳು, ಬೇಡವೆಂದು ಬಿಟ್ಟಿದ್ದಳು.

ಅಮಾವಾಸ್ಯೆ ಬಂತು. ಎಲೆ ಒಪ್ಪಿಸುವವರು ಬೀದಿಯಲ್ಲಿ ಗಂಟು ಹಿಡಿದು ಓಡಾಡುತ್ತಿದ್ದರು, ಆದರೆ ಎಲ್ಲರ ಕಣ್ಣೂ ನಮ್ಮ ಬಾಗಿಲ ಮೇಲೆ. ಪುರಾಣಿಕರು ತಮ್ಮ ಮಡಿಪಂಚೆಯಲ್ಲಿ ದೊಡ್ಡ ಗಂಟು ಕಟ್ಟಿಕೊಂಡು, ನೆಲ ನೋಡುತ್ತ ಬಂದರು. ಅತ್ತೆ ಗೋಡೆ ಹಿಡಿದು ಎದ್ದರು. ಅವರು ಇಸಿದುಕೊಂಡಿದ್ದರೆ ಎಲ್ಲವೂ ಮುಚ್ಚಿಹೋಗುತ್ತಿತ್ತು, ಶಶಿಯ ತಲೆಯ ಮೇಲಿನ ಅಪವಾದವೂ ಅಲ್ಲಿಯೇ ಉಳಿಯುತ್ತಿತ್ತು. ನಾನು ಅವರನ್ನು ಕೂಡಿಸಿ ಹೊಸ್ತಿಲಿಗೆ ಬಂದು ಸೆರಗೊಡ್ಡಿದೆ.

"ಇವು ನನ್ನವು," ಎಂದೆ. ನನ್ನ ದನಿ ಅಷ್ಟು ದೊಡ್ಡದಿದೆಯೆಂದು ನನಗೇ ಗೊತ್ತಿರಲಿಲ್ಲ. "ನಮ್ಮ ಶಶಿದು ಇದರಾಗ ಒಂದೆಲೀನೂ ಇಲ್ಲ. ನೀವು ಹೇಳಿದ ಪದ್ಯ ನನ್ನ ತಲಿಯಾಗ ಕುಂತಾವ್ರಿ, ನೀವಲ್ಲ. ಮರಕ್ಕ ಅದು ತಿಳೀಲಿಲ್ಲ."

ಅವರು ಗಂಟನ್ನು ಸೆರಗಿಗೆ ಸುರಿದು, "ಪದ್ಯಾನೂ ನನ್ನವಲ್ಲ ತಾಯಿ," ಎಂದು ಒಮ್ಮೆ ಕೆಮ್ಮಿ, ಬಂದ ದಾರಿ ಹಿಡಿದರು. ಬೀದಿ ಆ ಮಾತನ್ನು ನಂಬಿತೆಂದು ನಾನು ಹೇಳಲಾರೆ. ಈ ವಯಸ್ಸಿನಾಗ ಏನವಾ ಇದು ಎಂದು ಚೆನ್ನವ್ವ ಅಂದದ್ದು ಕೇಳಿಸಿತು. ಯಜಮಾನರು ಅಂದೆಲ್ಲ ನನ್ನನ್ನು ಹೊಸಬಳನ್ನು ನೋಡಿದ ಹಾಗೆ ನೋಡಿದರು. ರಾತ್ರಿ ಊಟಕ್ಕೆ ಕೂತಾಗ, ಆ ಪದ್ಯ ಹೆಂಗೈತಿ, ಒಂದು ಅನ್ನು ನೋಡೂಣು ಎಂದರು. ಅಂದೆ. ಕೆಮ್ಮದೆ ಅನ್ನಲು ಬಹಳ ಕಷ್ಟವಾಯಿತು. ಅವರು ಎಲ್ಲ ಕೇಳಿ, ರೊಟ್ಟಿ ಮುರಿದು, ನಾಳೆ ಹೋಗಿ ಆಕಿನ್ನ ಕರಕೊಂಡು ಬಾ ಎಂದರು.

ಹಾಗೆಂದರೂ ಮರುದಿನ ಹೋಗಲು ನನಗೆ ಮುಖವಿರಲಿಲ್ಲ. ಎರಡು ಸಲ ಅಡಿವೆಪ್ಪನೇ ಹೋದ, ಅವಳು ಬರಲಿಲ್ಲ. ಪುರಾಣಿಕರು ಮಂಗಳ ಹಾಡಿ ಊರು ಬಿಟ್ಟರು. ಊರಿನ ಮರಗಳೆಲ್ಲ ಬೋಳಾದವು. ನಮ್ಮದೊಂದು ಮಾತ್ರ ಮೇಲಿನ ಕೊಂಬೆಗಳಲ್ಲಿ ಹಳದಿ ಹಿಡಿದು ನಿಂತಿತ್ತು, ಗಾಳಿಗೆ ಒದರಿದರೂ ಬಿಡಲಿಲ್ಲ. ಹೊರಗೆ ಹೋದ ಪುರಾಣಿಕರಿಗೋಸ್ಕರ ಎಂದು ಓಣಿ ಅಂದುಕೊಂಡಿತು. ನನಗೂ ಒಂದು ಅಳುಕು ಇತ್ತು. ಆದರೆ ನನ್ನೊಳಗೆ ಆಗ ಪದ್ಯ ಓಡುತ್ತಿರಲಿಲ್ಲ. ಅರಿವೆ ಹೊದ್ದ ರಾಟೆ ಓಡುತ್ತಿತ್ತು.

ಕೊನೆಗೆ ನಾನೇ ಹೋದೆ. ಅವಳ ತವರಿನ ಅಂಗಳದಲ್ಲಿ ಶಶಿ ಮೆಣಸಿನಕಾಯಿ ಹರವುತ್ತಿದ್ದಳು. ನನ್ನನ್ನು ನೋಡಿ ಎದ್ದು ನೀರು ತಂದುಕೊಟ್ಟಳು. ನಾನು ಚೊಂಬು ಕೆಳಗಿಡದೆ, "ಗೊತ್ತಿದ್ದೂ ಯಾಕ ಹೇಳಲಿಲ್ಲ?" ಎಂದೆ.

"ಹೇಳಿದ್ರ ನೀ ಪುರಾಣಕ್ಕ ಹೋಗೋದು ಬಿಡತಿದ್ದಿ," ಎಂದಳು. "ಆ ಮನ್ಯಾಗ ನಿನಗಿರೋದು ಅದೊಂದ ಅಲ್ಲೇನು. ಬೆಳಕಾಗೋದ್ರೊಳಗ ಆಯ್ದು ಹಾಕಿದ್ರ ಮುಗೀತು ಅನಕೊಂಡೆ."

ಅವಳು ಮೆಣಸಿನಕಾಯಿ ಹರವುತ್ತಲೇ ಮಾತು ಮುಂದುವರಿಸಿದಳು. "ನೀ ಕೆದಕಿದ ಗುಂಡಿಯಾಗ ಇದ್ದವೆಲ್ಲಾ ಮಠದ ಮುಂದಿನವು ಅನಕೊಂಡಿಯೇನು? ಅರ್ಧ ನನ್ನ ಕೋಣಿ ಬಾಗಿಲಾಗ ಬಿದ್ದವು. ನೀ ನನ್ನ ನೋಡಾಕ ಹತ್ತಿದಾಗಿಂದ ಬೀಳಾಕ ಹತ್ತಿದ್ವು. ಮನ್ಯಾಗಿನವರ ಮ್ಯಾಲ ಎಲಿ ಬಿದ್ದದ್ದು ನಾ ಕಂಡಿದ್ದಿಲ್ಲ. ಎಲಿ ಸಿಟ್ಟೋ ಪ್ರೀತಿನೋ ಹೇಳಂಗಿಲ್ಲಲ್ಲ ಅಕ್ಕಾ. ನಾ ಪ್ರೀತಿ ಅಂತ ತಿಳಕೊಂಡೆ."

ನಾನು ಅವಳ ಎದುರು ಕೂತು ಕಾಯಿ ಹರವತೊಡಗಿದೆ. ಅಂಗಳ ತುಂಬಿತು. ಆಮೇಲೆ ಅವಳು ಕೈ ತೊಳೆದುಕೊಂಡು ಒಳಗೆ ಹೋಗಿ ಟ್ರಂಕು ತಂದಳು.

ಬಸ್ಸಿಳಿದು ಗಡಿಗಲ್ಲು ದಾಟುವಾಗ ಏನೂ ಆಗಲಿಲ್ಲ. ಓಣಿಯಲ್ಲಿ ಬಾಗಿಲುಗಳು ಒಂದೊಂದು ಬೆರಳಷ್ಟು ತೆರೆದುಕೊಂಡವು. ಇಬ್ಬರೂ ತಲೆಯೆತ್ತಿ ನಡೆದೆವು. ಅಡುಗೆಮನೆಯ ಕಲ್ಲಿಗೆ ಶಶಿ ಮತ್ತೆ ಎಡವಿದಳು. ಹಿತ್ತಲ ಬಾಗಿಲು ತೆಗೆದು, ಮೊದಲು ಮೆಂತ್ಯದ ಪಾತಿ ನೋಡಲೆಂದು ಕೆಳಗಿಳಿದಳು. ಆಗ ಮರ ಬಿಟ್ಟುಕೊಟ್ಟಿತು. ಅಷ್ಟು ದಿನ ಹಿಡಿದಿದ್ದ ಹಳದಿಯೆಲ್ಲ ಒಮ್ಮೆಲೇ ಕಳಚಿ, ಬೇರೆ ಯಾರ ಹೊಸ್ತಿಲ ಕಡೆಗೂ ಹೋಗದೆ, ಅವಳ ತಲೆಯ ಮೇಲೆ, ಹೆಗಲ ಮೇಲೆ, ಕೋಣೆಯ ಬಾಗಿಲಿನ ತುಂಬ ಸುರಿಯಿತು. ಮಗ್ಗದ ಸದ್ದು ನಿಂತು ಅಡಿವೆಪ್ಪ ಬಾಗಿಲಿಗೆ ಬಂದ, ಹಿಂದೆ ಯಜಮಾನರು. ಎಲೆ ಬಿದ್ದ ಸದ್ದು ಕೇಳಿ ಅತ್ತೆ ಒಳಗಿನಿಂದಲೇ ಮಳೆ ಬಂತೇನ್ರೇ ಎಂದು ಕೇಳಿದರು.

ಶಶಿ ಜಡೆಯಲ್ಲಿ ಸಿಕ್ಕಿಕೊಂಡಿದ್ದ ಒಂದು ಎಲೆ ತೆಗೆದಳು. ತಿರುಗಿಸಿ ನೋಡಿದಳು. ಎಲ್ಲರ ಮುಖವನ್ನೂ ಒಂದೊಂದಾಗಿ ನೋಡಿ, ಅನುಮಾನ ಇನ್ನೂ ಪೂರ್ತಿ ಹೋಗದ ಕಣ್ಣಿನಿಂದ ನನ್ನ ಬಳಿ ನಿಂತಳು.

"ಇದು ಯಾವುದು ಅಕ್ಕಾ? ಸಿಟ್ಟಿಂದೋ, ಇನ್ನೊಂದೋ?"

ಹೇಳಬೇಕೆಂದು ಬಾಯಿ ತೆಗೆದೆ. ಮಾತು ಬರುವ ಜಾಗಕ್ಕೆ ಉಸಿರು ನಿಂತು, ಒಂದು ಸಣ್ಣ ಕೆಮ್ಮು ಬಂತು. ಶಶಿ ಎಲೆಯನ್ನು ಬಾಯಿಗೆ ಅಡ್ಡ ಹಿಡಿದು ನಗಲು ಹತ್ತಿದಳು.